ನೇರ ನೋಡದೆ ಕೊಂಡ ಟಿ.ವಿ.

ಅಂಗಡಿಗೆ ಹೋದಾಗ ನಿಮಗೆ ಇಷ್ಟವಾದ ವಸ್ತುವಿನ ಕಡೆ ನೋಡಬೇಡಿ. ನಾನು ಕಲಿತ ವ್ಯಾಪಾರವೆಲ್ಲ ಈ ಒಂದು ಮಾತಿನಲ್ಲಿದೆ. ನುಗ್ಗೇಹಳ್ಳಿ ಸುತ್ತಮುತ್ತಲ ತೋಟಗಳಲ್ಲಿ ಸೈಕಲ್ ಮೇಲೆ ತೆಂಗಿನಕಾಯಿ ಕೊಂಡು ಸಂತೆಗೆ ಹಾಕುತ್ತಿದ್ದವನು ನಾನು. ಚನ್ನರಾಯಪಟ್ಟಣದಲ್ಲಿ ಸ್ವಂತ ಕಾಯಿ ಮಂಡಿ ಇಡುವ ತನಕ ಬಂದಿದ್ದು ಈ ಮಾತಿನಿಂದಲೇ. ಒಳ್ಳೆಯ ಕಾಯಿಯ ರಾಶಿ ಕಣ್ಣಿಗೆ ಬಿದ್ದರೆ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಪಕ್ಕದ ರಾಶಿಯ ದರ ಕೇಳಬೇಕು, ಅದನ್ನು ಚೆನ್ನಾಗಿ ಹೀಗಳೆಯಬೇಕು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಡಬೇಕು. ಹೊರಟವನು ಏನೋ ನೆನಪಾದವನ ಹಾಗೆ ತಿರುಗಿ, "ಅಲ್ಲಾ, ಇದನ್ನ ಇನ್ನೂವೆ ಯಾರೂ ಕೇಳಿಲ್ವಾ?" ಅನ್ನಬೇಕು. ಅಷ್ಟೇ. ಮಿಕ್ಕಿದ್ದನ್ನು ಮಾರುವವನೇ ನೋಡಿಕೊಳ್ಳುತ್ತಾನೆ.

ನನ್ನ ಹೆಂಡತಿ ಹೊಳೆನರಸೀಪುರದ ಕಡೆಯವಳು. ಮದುವೆಯಾದ ಹೊಸತರಲ್ಲಿ ಹಾಸನದ ಸೀರೆ ಅಂಗಡಿಗೆ ಕರೆದುಕೊಂಡು ಹೋದರೆ, ನೇರಳೆ ಬಣ್ಣದ ಸೀರೆಯೊಂದನ್ನು ಎದೆಗೆ ಅವುಚಿಕೊಂಡು "ಅಯ್ಯೋ, ಎಷ್ಟು ಚೆಂದಾಗೈತೆ ನೋಡ್ರಿ!" ಅಂದುಬಿಟ್ಟಳು. ಅಂಗಡಿಯವನು ಆಮೇಲೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ವಾಪಸ್ ಬರುವಾಗ ಬಸ್ಸಿನುದ್ದಕ್ಕೂ ಅವಳಿಗೆ ಪಾಠ ಹೇಳಿದೆ. "ಬೇಕಾದ್ದರ ಮೇಲೆ ಕಣ್ಣಿಡಬೇಡ ಕಣೇ. ಮುಖ ಅತ್ತ ತಿರುಗಿಸು. ಬೇಕಾದರೆ ಫ್ಯಾನ್ ನೋಡು, ಗೋಡೆ ನೋಡು."

ಅವಳು ನನ್ನನ್ನೇ ಮೀರಿಸಿದಳು. ಪಾತ್ರೆ ಅಂಗಡಿ, ಬಂಗಾರದ ಅಂಗಡಿ ಎಲ್ಲೇ ಹೋದರೂ ಯಾರೋ ಬಲವಂತವಾಗಿ ಎಳೆದುಕೊಂಡು ಬಂದವರ ಹಾಗೆ ಕೂತಿರುತ್ತಿದ್ದಳು. ಅರಕಲಗೂಡಿನ ನನ್ನ ಷಡ್ಡಕ ಮಗಳ ಮದುವೆಗೆ ಬೀರು, ಮಂಚ ಕೊಳ್ಳುವಾಗ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದ. ನಾನು ಗಂಟಲು ಹರಿಯುವ ಹಾಗೆ ಚೌಕಾಸಿ ಮಾಡಿ ಇಳಿಸಿದ್ದಕ್ಕಿಂತ ಅವಳ ಸಪ್ಪೆ ಮುಖಕ್ಕೆ ಇಳಿದದ್ದೇ ಹೆಚ್ಚು. "ಬಾವಾ, ಮುಂದಿನ ಸಲ ನೀವು ಬರದಿದ್ರೂ ಆಯ್ತದೆ, ಅಕ್ಕನ್ನ ಕಳಿಸಿ" ಅಂತ ಷಡ್ಡಕ ನಕ್ಕಿದ್ದ.

ಇಂಥವಳು ಒಂದು ದಿನ ತಾನಾಗಿಯೇ ಬಾಯಿಬಿಟ್ಟು ಕೇಳಿದಳು. "ರೀ, ಒಂದು ದೊಡ್ಡ ಟಿ.ವಿ. ತಗಳಾಣ."

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗೋಡೆಗೆ ನೇತುಹಾಕುವ ತೆಳು ಟಿ.ವಿ.ಗಳು ಹಾಸನದ ಅಂಗಡಿಗಳಿಗೆ ಬಂದಿದ್ದವು. ನಮ್ಮ ಮನೆಯಲ್ಲಿದ್ದದ್ದು ತೊಂಬತ್ತರ ದಶಕದಲ್ಲಿ ಕೊಂಡ ಡಬ್ಬದ ಟಿ.ವಿ. ತಲೆಯ ಮೇಲೆ ಎರಡು ತಟ್ಟಿದರೆ ಆಗಲೂ ಚೆನ್ನಾಗಿಯೇ ಓಡುತ್ತಿತ್ತು.

"ಇದಕ್ಕೇನಾಗಿದೆ? ಕಲ್ಲುಗುಂಡು ಇದ್ದಂಗದೆ" ಅಂದೆ.

"ಇದರಲ್ಲಿ ಮುಖಗಳು ಸಣ್ಣಕ್ಕೆ ಬತ್ತವೆ. ಯಾರು ಅಳ್ತಾವ್ರೆ ಯಾರು ನಗ್ತಾವ್ರೆ ಒಂದೂ ತಿಳಿಯಲ್ಲ."

ನನಗೆ ಕಾರಣ ಬೇರೆಯೇ ಹೊಳೆಯಿತು. ಹೊಳೆನರಸೀಪುರದ ಅವಳ ತಂಗಿ ಆ ಯುಗಾದಿಗೆ ದೊಡ್ಡ ಟಿ.ವಿ. ತಂದಿದ್ದಳು. ಇವಳು ಹೋಗಿ ನೋಡಿಕೊಂಡು ಬಂದಿದ್ದಳು. ಹೆಂಗಸರ ಪೈಪೋಟಿ ಅಂದುಕೊಂಡು ಒಳಗೊಳಗೇ ನಕ್ಕೆ. ಆದರೂ ಜೀವಮಾನದಲ್ಲಿ ಮೊದಲ ಸಲ ಕೇಳಿದ್ದಾಳೆ, ಕೊಡಿಸೋಣ ಅನ್ನಿಸಿತು. ಶುಕ್ರವಾರ ರಾಹುಕಾಲ ಕಳೆದ ಮೇಲೆ ಹಾಸನಕ್ಕೆ ಹೊರಟೆವು.

ಅಂಗಡಿಯ ಒಂದು ಗೋಡೆಯ ತುಂಬ ಟಿ.ವಿ.ಗಳು. ಎಲ್ಲದರಲ್ಲೂ ಒಂದೇ ಹೂವು ಅರಳುತ್ತಿತ್ತು, ಒಂದೇ ಗಿಳಿ ರೆಕ್ಕೆ ಬಿಚ್ಚುತ್ತಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ ಒಂದೇ ಉಸಿರಿಗೆ ಶುರು ಮಾಡಿದ. "ಇದು ಎಲ್‌ಸಿಡಿ ಸಾ, ಅದು ಪ್ಲಾಸ್ಮಾ ಸಾ. ಇದು ಮೂವತ್ತೆರಡು ಇಂಚು, ಅದು ನಲವತ್ತೆರಡು. ಕಪ್ಪು ಅಂದ್ರೆ ಇದರಲ್ಲಿ ಕಪ್ಪೇ ಸಾ."

"ನಮ್ಮ ಹಳೇದ್ರಲ್ಲೂ ಕಪ್ಪು ಕಪ್ಪಾಗೇ ಇತ್ತಲ್ಲಪ್ಪ" ಅಂದೆ. ಅವನು ನಕ್ಕ. ನಗಿಸಿದರೆ ಅರ್ಧ ಕೆಲಸ ಆದ ಹಾಗೆ, ಇದನ್ನೂ ನೆನಪಿಟ್ಟುಕೊಳ್ಳಿ.

ಗೋಡೆಯ ನಡುವೆ ಇದ್ದ ದೊಡ್ಡದು ನನ್ನ ಮನಸ್ಸಿಗೆ ಬಂದಿತ್ತು. ಆದ್ದರಿಂದ ಮೂಲೆಯಲ್ಲಿದ್ದ ಸಣ್ಣದರ ದರ ಕೇಳಿದೆ. ಅದರ ಕಾಲು ಗಟ್ಟಿ ಇಲ್ಲ ಅಂದೆ, ಬೆನ್ನು ಬಿಸಿಯಾಗಿದೆ ಅಂದೆ. ಮಾತಿನ ನಡುವೆ ಹೆಂಡತಿಯ ಕಡೆ ಒಮ್ಮೆ ನೋಡಿದೆ. ದೊಡ್ಡ ಟಿ.ವಿ.ಯ ಎದುರಿಗೇ ಕುರ್ಚಿ ಹಾಕಿ ಕೂರಿಸಿದ್ದರು. ಅವಳು ಮಾತ್ರ ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ ಸಾಲಾಗಿ ನಿಲ್ಲಿಸಿದ್ದ ಮಿಕ್ಸಿಗಳನ್ನು ನೋಡುತ್ತಿದ್ದಳು. ಸೇಲ್ಸ್‌ಮನ್ "ಅಮ್ಮಾ, ಇತ್ಲಾಗೆ ನೋಡೀಮ್ಮಾ, ಹಕ್ಕಿ ನೋಡೀಮ್ಮಾ" ಅಂತ ಗೋಗರೆಯುತ್ತಿದ್ದ. ಅವಳು "ನೋಡ್ತಾ ಇವ್ನಿ ಕಣಪ್ಪ" ಅಂದು ಮಿಕ್ಸಿಯ ಕಡೆಯಿಂದ ಮುಖ ಕದಲಿಸಲಿಲ್ಲ.

ಭಲೇ ಅನ್ನಿಸಿತು ನನಗೆ. ನಾನು ಕಲಿಸಿದ ವಿದ್ಯೆ, ಇಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ. ಮಾಲೀಕ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. ಒಂದು ಸುತ್ತು ಇಳಿಸಿದ. "ಮನೆಯವರಿಗೆ ಮನಸ್ಸಿಲ್ಲ, ಯೋಚನೆ ಮಾಡ್ತೀವಿ" ಅಂತ ಹೇಳಿ ಅವಳನ್ನು ಎಬ್ಬಿಸಿಕೊಂಡು ಹೊರಗೆ ಬಂದೆ. ಒಂದು ಸಲ ಮೆಟ್ಟಿಲಿಳಿದು ಬರದೆ ದೊಡ್ಡ ವ್ಯಾಪಾರ ಮುಗಿಯುವುದಿಲ್ಲ.

ಎದುರಿನ ಹೋಟೆಲಿನಲ್ಲಿ ಕಾಫಿಗೆ ಹೇಳಿ, "ಏನೇ, ಮಿಕ್ಸಿ ನೋಡ್ಕಂಡು ಕೂತ್ಬುಟ್ಯಲ್ಲ! ಆ ಮಾಲೀಕನ ಮುಖ ನೋಡ್ಬೇಕಿತ್ತು ನೀನು" ಅಂದೆ.

"ನಾನು ಮಿಕ್ಸಿ ನೋಡ್ಲಿಲ್ಲ ಕಣ್ರೀ. ಟಿ.ವಿ.ನೇ ನೋಡ್ತಿದ್ದೆ."

"ಮುಖ ಅತ್ತ ಇತ್ತಲ್ಲ?"

"ಅಂಗೆ ತಿರುಗಿಸಿದ್ರೆ ಪಕ್ಕದಲ್ಲಿ ಒಂಚೂರು ಕಾಣ್ತದೆ. ನೇರ ನೋಡಿದ್ರೆ ನಡುಮಧ್ಯಕ್ಕೆ ಮಸಿ ಮೆತ್ತಿದಂಗೆ. ಸುತ್ತ ಎಲ್ಲ ಕಾಣ್ತದೆ, ಮುಖ ಇರೋ ಜಾಗವೇ ಕಾಣಲ್ಲ."

ಕಾಫಿ ಬಂತು. ಅವಳ ಕೈ ಲೋಟವನ್ನು ಸಲೀಸಾಗಿಯೇ ಹಿಡಿಯಿತು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. ಹೋದ ದೀಪಾವಳಿಗೂ ಮುಂಚಿನಿಂದ ಅಂದಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಪೊರೆ ಬಂದಿರಬೇಕು, ಹಣ್ಣಾದ ಮೇಲೆ ತೆಗೆಸಿದರಾಯಿತು ಅಂತ ತಾನೇ ತೀರ್ಮಾನ ಮಾಡಿಕೊಂಡು ಸುಮ್ಮನಿದ್ದಳಂತೆ. ಅಲ್ಲಿಯವರೆಗೆ ದೊಡ್ಡ ಟಿ.ವಿ. ಇದ್ದರೆ ನಡೆಯುತ್ತದೆ ಅಂತ ಅವಳ ಲೆಕ್ಕಾಚಾರ.

ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು, ಕೇಳಲಾಗಲಿಲ್ಲ. ಅವಳಿಗೇ ಗೊತ್ತಾಯಿತೇನೋ.

"ನಿಮ್ಮ ಮುಖದ ಯೋಚನೆ ಬಿಡಿ. ಇಷ್ಟು ವರ್ಷ ನೋಡಿ ನೋಡಿ ಸಾಕಾಗೈತೆ" ಅಂದಳು.

ಟಿ.ವಿ. ಅಂಗಡಿಗೆ ವಾಪಸ್ ಹೋಗಲಿಲ್ಲ. ಅಲ್ಲಿಂದಲೇ ಆಟೋ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿಗೆ ಹನಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಹಾಕಿ ನೋಡಿದರು. ಇದು ಪೊರೆಯಲ್ಲ ಅಂದರು. ಕಣ್ಣಿನ ಹಿಂದಿನ ಪರದೆ ನಟ್ಟನಡುವೆ ಸಕ್ಕರೆಯಿಂದ ಹಾಳಾಗಿದೆ, ಎರಡು ಕಣ್ಣಲ್ಲೂ. ಹೋಗಿರುವುದು ಬರುವುದಿಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳಲು ಲೇಸರ್ ಮಾಡಬಹುದು.

ನಾನು ಕುರ್ಚಿಯ ತುದಿಗೆ ಜರುಗಿದೆ. ವ್ಯಾಪಾರಕ್ಕೆ ಕೂರುವಾಗ ಹಾಗೇ ಜರುಗುತ್ತೇನೆ, ಅಭ್ಯಾಸ.

"ಎರಡೂ ಕಣ್ಣು ಬೇಡ ಡಾಕ್ಟ್ರೇ, ಒಂದನ್ನಾದ್ರೂ ಮೊದಲಿನ ಹಾಗೆ ಮಾಡ್ಕೊಡಿ."

"ಆಗಲ್ಲ ಯಜಮಾನ್ರೇ."

"ಪೂರ್ತಿ ಬೇಡ. ಅರ್ಧ."

ಅವರು ತಲೆ ಅಲ್ಲಾಡಿಸಿದರು.

"ಓದೋದು ಗೀದೋದು ಬೇಡ, ಸೂಜಿಗೆ ದಾರ ಪೋಣಿಸೋದೂ ಬೇಡ. ಮುಖ ತಿಳಿದ್ರೆ ಸಾಕು."

"ನಿಮ್ಮ ಹತ್ರ ಸುಳ್ಳು ಹೇಳಬೇಕಾ ನಾನು?" ಅಂದರು. ಬೈದದ್ದಲ್ಲ, ಮೆತ್ತಗೆಯೇ ಅಂದರು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಏನಾದರೂ ಇದೆಯಾ ಅಂತ ಕೇಳಿದೆ. ತೋರಿಸಿ, ಬೇಡ ಅನ್ನುವುದಿಲ್ಲ, ಅಲ್ಲೂ ಇದನ್ನೇ ಹೇಳುತ್ತಾರೆ ಅಂದರು. ಆಮೇಲೆ ಎರಡೂ ಕಡೆ ತೋರಿಸಿದೆ. ಅದನ್ನೇ ಹೇಳಿದರು. ಟವೆಲ್ ಕೊಡವಿ ಎದ್ದು ಬಾಗಿಲ ತನಕ ಹೋದರೆ ಹಿಂದಿನಿಂದ ಯಾರಾದರೂ ಕರೆಯುತ್ತಾರೆ ಅಂತ ನಂಬಿ ಬದುಕಿದವನು ನಾನು. ಆ ಮೂರೂ ಬಾಗಿಲುಗಳಲ್ಲಿ ಯಾರೂ ಕರೆಯಲಿಲ್ಲ.

ಅವಳು ಮಾತ್ರ ಟಿ.ವಿ. ಮಾತು ಬಿಡಲಿಲ್ಲ. ಲೇಸರ್ ಮಾಡಿಸಿಕೊಂಡು ಚೇತರಿಸಿಕೊಂಡ ಮೇಲೆ, "ಹೊರಡ್ರಿ ಹಾಸನಕ್ಕೆ" ಅಂದಳು.

"ತಂದು ಏನ್ಮಾಡ್ತೀಯೆ?" ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅದೇ ಅಂಗಡಿ, ಅದೇ ಗೋಡೆ. ಅವಳು ಸೇಲ್ಸ್‌ಮನ್ ಕೈಲಿ ಒಂದು ಧಾರಾವಾಹಿ ಹಾಕಿಸಿದಳು. ಹೂವು ಗಿಳಿ ತಗೊಂಡು ನಾನೇನು ಮಾಡ್ಲಪ್ಪ, ಮನುಷ್ಯರನ್ನ ತೋರಿಸು ಅಂದಳು. ಕುರ್ಚಿಯನ್ನು ಹಿಂದಕ್ಕೆ ಎಳೆಸಿದಳು, ಮುಂದಕ್ಕೆ ಹಾಕಿಸಿದಳು. ಪ್ರತಿ ಟಿ.ವಿ.ಯ ಮುಂದೆಯೂ ಕತ್ತನ್ನು ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ತಿರುಗಿಸಿ ಬಹಳ ಹೊತ್ತು ಕೂತಳು. ಅವಳ ಪಕ್ಕದಲ್ಲಿ ಬಗ್ಗಿ ಪಿಸುಗುಟ್ಟಿದೆ.

"ಇದು ಹೆಂಗೆ?"

"ಸೀರೆ ಬಣ್ಣ ತಿಳೀತದೆ. ಯಾರು ಎದ್ದೋದ್ರು, ಯಾರು ಬಂದ್ರು ತಿಳೀತದೆ."

"ಮುಖ?"

"ಇಲ್ಲ."

"ಅದಕ್ಕಿಂತ ದೊಡ್ಡದು, ಇದು?"

"ಬಳೆ ಕಾಣ್ತಾವೆ."

ಬೇರೆ ಯಾವ ಸಾಮಾನಾಗಿದ್ದರೂ ನಾನು ಕೈಯಲ್ಲಿ ತಟ್ಟಿ, ಮೂಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಇದು ಒಳ್ಳೆಯದು ಅನ್ನುತ್ತಿದ್ದೆ. ಇದರಲ್ಲಿ ನನಗೆ ಒಂದು ಎಳೆಯೂ ಗೊತ್ತಾಗುವಂತಿರಲಿಲ್ಲ. ನನ್ನ ಕಣ್ಣಿಗೆ ಎಲ್ಲವೂ ಚೆನ್ನಾಗಿದ್ದವು. ಅವಳು ಬಳೆ ಕಾಣುವ ದೊಡ್ಡದನ್ನೇ ಸಾಕು ಅಂತ ನನ್ನ ಮೊಣಕೈ ಒತ್ತಿದಳು.

ಮಾಲೀಕ ಅವಳ ತಿರುಗಿದ ಮುಖವನ್ನೇ ನೋಡುತ್ತಾ ನಿಂತಿದ್ದ. "ಅಮ್ಮಾವ್ರಿಗೆ ಈ ಸಲವೂ ಹಿಡಿಸಲಿಲ್ಲ ಅಂತ ಕಾಣುತ್ತೆ ಸಾ" ಅಂದು ತಾನಾಗಿಯೇ ಇಳಿಸಿದ. ನಾನು ಒಂದು ಮಾತೂ ಆಡಿರಲಿಲ್ಲ. ಸುಮ್ಮನಿದ್ದುದು ನೋಡಿ ಇನ್ನೂ ಇಳಿಸಿದ. ಗೋಡೆಗೆ ಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಬಿಟ್ಟಿ ಕೊಡುತ್ತೇನೆ ಅಂದ, ಮನೆಗೆ ತಂದು ತಗುಲಿಸಿಕೊಡುವುದೂ ತನ್ನದೇ ಅಂದ. "ಇಷ್ಟಾದ್ರೂ ಮುಖ ಕೊಟ್ಟು ನೋಡ್ತಿಲ್ಲವಲ್ಲ ಸಾ, ಏನು ಮಾಡ್ಲಿ ನಾನು?" ಅಂದ. ಅಂಥ ದರಕ್ಕೆ ಆ ವಸ್ತುವನ್ನು ಹಾಸನ ಜಿಲ್ಲೆಯಲ್ಲಿ ಯಾರೂ ಕೊಂಡಿರಲಾರರು. ಸಾಕು ನಿಲ್ಲಿಸಪ್ಪ ಅಂತ ನಾನೇ ಅನ್ನಬೇಕಾಯಿತು.

ಈಗಲೂ ಟಿ.ವಿ. ಕೊಳ್ಳುವವರು ನನ್ನನ್ನು ಕೇಳಲು ಬರುತ್ತಾರೆ. ಎಷ್ಟು ಇಂಚು ತಗೊಳ್ಳಲಿ ಅನ್ನುತ್ತಾರೆ. ನಾನು ಮೊದಲು ಮನೆಯಲ್ಲಿ ಯಾರಿಗೆ ಸಕ್ಕರೆ ಇದೆ, ಕಣ್ಣು ತೋರಿಸಿದ್ದೀರಾ ಅಂತ ಕೇಳುತ್ತೇನೆ. ಮುಖ ಮುಖ ನೋಡಿಕೊಂಡು ಹೋಗುತ್ತಾರೆ. ಹೋಗಲಿ.

ನಮ್ಮ ಟಿ.ವಿ. ಗೋಡೆ ಏರಿತು. ಸಂಜೆ ದೀಪ ಹಚ್ಚಿ ಬಂದು ಅವಳು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾಳೆ, ಅವಳಿಗೆ ಅದೇ ನೋಡುವ ದಿಕ್ಕು. ಪಕ್ಕದ ಮನೆಯವರು "ಇಂಥ ಟಿ.ವಿ. ಇಟ್ಕಂಡು ಬೀದಿ ನೋಡ್ತಾಳಲ್ಲ ನಿಮ್ಮೆಂಡ್ತಿ" ಅಂದರು. ಬಿಡಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಮೊದಲೆಲ್ಲ ಧಾರಾವಾಹಿಯ ಹೊತ್ತಿಗೆ ಮಂಡಿಯಲ್ಲೇ ಇರುತ್ತಿದ್ದೆ, ಈಗ ಬಂದು ಪಕ್ಕದಲ್ಲಿ ಕೂರುತ್ತೇನೆ.

ಮೊದಲ ದಿನವೇ ಕೇಳಿದಳು. "ರೀ, ಆ ಸೊಸೆ ಸುಮ್ನಾಗ್ಬುಟ್ಲಲ್ಲ. ಅಳ್ತಾವ್ಳಾ, ಇಲ್ಲ ಒಳಗೊಳಗೇ ನಗ್ತಾವ್ಳಾ?"

ಗೋಡೆಯ ತುಂಬ ಆ ಹುಡುಗಿಯ ಮುಖವೇ ಇತ್ತು. ಕಣ್ಣಿನಲ್ಲಿ ನೀರು ಹೊಳೆಯುತ್ತಿತ್ತು, ತುಟಿ ಒಂದು ಕಡೆಗೆ ಸ್ವಲ್ಪ ಎಳೆದಿತ್ತು. ಎದ್ದು ಹತ್ತಿರ ಹೋಗಿ ನೋಡಿದೆ. ಹಿಂದೆ ಸರಿದು ನೋಡಿದೆ.

"ನಂಗೂ ಗೊತ್ತಾಯ್ತಿಲ್ಲ ಕಣೇ" ಅಂದೆ.

"ಅಷ್ಟೂ ಗೊತ್ತಾಗಲ್ವಾ? ಕಣ್ಣು ನೆಟ್ಟಗೆ ಅವೆಯಲ್ಲ ನಿಮಗೆ?" ಅಂದಳು, ಕಿಟಕಿಯ ಕಡೆ ನೋಡುತ್ತಾ. "ಸರಿಯಾಗಿ ನೋಡಿ ಹೇಳಿ."

ಅಷ್ಟರಲ್ಲಿ ಜಾಹೀರಾತು ಬಂತು.