ಅಪ್ಪನ ಕರಡಿಗೆಯಲ್ಲಿ ಕ್ಯಾಮೆರಾ

ಕೊರೊನಾ ಮುಗಿದ ಮರುವರ್ಷದ ಕಾರ್ತೀಕದಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಸಾಕ್ಷ್ಯಚಿತ್ರ ತಂಡದ ಹಿರಿಯ ಕ್ಯಾಮೆರಾಮನ್ ಆಗಿದ್ದೆ. ತಂಡವೆಂದರೆ ನಿರ್ದೇಶಕಿ ವೀಣಾ, ಎಡಿಟಿಂಗ್‌ಗೆ ಒಬ್ಬರು, ಧ್ವನಿಗೆ ಒಬ್ಬರು, ನಾನು, ಅಷ್ಟೇ. ಇಪ್ಪತ್ತೆಂಟು ವರ್ಷ ಕ್ಯಾಮೆರಾದ ಹಿಂದೆ ನಿಂತು ಬದುಕಿದವನನ್ನು ಆ ಸಲ ವೀಣಾ ಮುಂದಕ್ಕೆ ತಳ್ಳಿದರು. ಅದಕ್ಕೆ ಕಾರಣ ನನ್ನ ಪ್ರತಿಭೆಯಲ್ಲ, ನನ್ನ ಊರು. ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗ. ಕೊಬ್ಬರಿ ಸಾಹುಕಾರನ ವೇಷಕ್ಕೆ ನನಗೆ ಮೇಕಪ್ ಬೇಕಿರಲಿಲ್ಲ. ಮಾತೂ ಹೊಟ್ಟೆಯೂ ಮೊದಲೇ ಸಿದ್ಧವಾಗಿದ್ದವು.

ನಮ್ಮ ಚಿತ್ರದ ವಿಷಯ ಗೌರವ ಕಾನ್ಸುಲ್‌ಗಳದು. ಬಡ ದೇಶವೊಂದಕ್ಕೆ ಎಲ್ಲ ಊರಲ್ಲೂ ಕಚೇರಿ ತೆರೆಯಲು ಆಗುವುದಿಲ್ಲ. ಆಗ ಸ್ಥಳೀಯ ಗಣ್ಯರೊಬ್ಬರನ್ನು ಸಂಬಳವಿಲ್ಲದ ಪ್ರತಿನಿಧಿಯಾಗಿ ನೇಮಿಸಿಕೊಳ್ಳುತ್ತದೆ. ಅವರೇ ಗೌರವ ಕಾನ್ಸುಲ್. ಹೆಚ್ಚಿನವರು ಮರ್ಯಾದಸ್ಥರು. ಆದರೆ ಆಫ್ರಿಕದ ಒಂದು ದೇಶದ ರಾಯಭಾರ ಕಚೇರಿಯಲ್ಲಿ ಈ ಪದವಿ ಮಾರಾಟಕ್ಕಿದೆ ಎಂಬ ಸುದ್ದಿ ನಮಗೆ ಸಿಕ್ಕಿತ್ತು. ಪದವಿ ಕೊಂಡವರ ಹೆಸರಿಗೆ ಸರ್ಕಾರಿ ಮೊಹರಿನ ಚೀಲಗಳು ಬರುತ್ತವೆ. ಅಂಥ ಚೀಲವನ್ನು ಕಸ್ಟಮ್ಸ್‌ನವರು ಸುಮ್ಮನೆ ಬಿಚ್ಚುವಂತಿಲ್ಲ. ಅದರೊಳಗೆ ಕಾಗದಪತ್ರದ ಜೊತೆ ಕಚ್ಚಾ ವಜ್ರವೂ ಬರುತ್ತಿತ್ತು, ಯಾವ ಗಣಿಯದೆಂದು ಹೇಳುವ ಪ್ರಮಾಣಪತ್ರವಿಲ್ಲದೆ.

ಅಂಥ ಒಬ್ಬ ಕಾನ್ಸುಲ್ ಬಿಕ್ಕೋಡಿನ ಆಚೆ ಕಾಫಿ ಎಸ್ಟೇಟ್ ಕೊಂಡು ಕೂತಿದ್ದ. ಅವನನ್ನು ಇಲ್ಲಿ ಜಗದೀಶ ಎಂದು ಕರೆಯುತ್ತೇನೆ. ಹೊಸಬರಿಗೆ ಪದವಿ ಕೊಡಿಸುವ ದಲ್ಲಾಳಿಯೂ ಅವನೇ. ನಾನು ಮಲ್ಲೇಶಪ್ಪನೆಂಬ ಹೆಸರಲ್ಲಿ ಪದವಿಗೆ ಆಸೆಪಟ್ಟ ಗಿರಾಕಿಯಾಗಿ ಹೋಗಬೇಕು. ಮೊಹರಿನ ಚೀಲ, ಕಲ್ಲು, ಅವನ ಮಾತು, ಈ ಮೂರೂ ಒಂದೇ ಶಾಟ್‌ನಲ್ಲಿ ಸಿಗಬೇಕು. ಅದು ಸಿಗದಿದ್ದರೆ ಎರಡು ವರ್ಷದ ಕೆಲಸ ನೀರುಪಾಲು ಎಂದು ವೀಣಾ ಮೊದಲೇ ಹೇಳಿದ್ದರು.

ಕ್ಯಾಮೆರಾ ಎಲ್ಲಿ ಬಚ್ಚಿಡುವುದು? ಜಗದೀಶನ ಡ್ರೈವರ್ ಭೇಟಿಗೆ ಮೊದಲು ಪೆನ್ನು, ವಾಚು, ಕನ್ನಡಕ, ಬೆಲ್ಟು ಎಲ್ಲ ಕಿತ್ತಿಟ್ಟುಕೊಳ್ಳುತ್ತಾನೆಂದು ಗೊತ್ತಾಗಿತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆದದ್ದು ನನಗೇ, ಇದರ ಹೊಣೆಯನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ಅಪ್ಪ ತೀರಿಕೊಂಡಾಗ ಅವರ ಇಷ್ಟಲಿಂಗ ಅವರ ಜೊತೆ ಸಮಾಧಿಗೆ ಹೋಗಿತ್ತು. ಅದನ್ನು ಇಟ್ಟು ಕೊರಳಿಗೆ ಧರಿಸುತ್ತಿದ್ದ ಬೆಳ್ಳಿ ಕರಡಿಗೆ ಮಾತ್ರ ನಮ್ಮ ಮನೆಯ ಬೀರುವಿನಲ್ಲಿತ್ತು. ಅದರ ಹೂವಿನ ಕೆತ್ತನೆಯ ನಡುವೆ ಸೂಜಿಮೊನೆಯಷ್ಟು ತೂತು ಕೊರೆಸಿ ಒಳಗೆ ಕ್ಯಾಮೆರಾ ಕೂರಿಸಿದೆ. ಎರಡು ಗಂಟೆ ಬರುವ ಬ್ಯಾಟರಿ. ಲಿಂಗಧಾರಿಯ ಕರಡಿಗೆ ಮುಟ್ಟುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇರುವುದಿಲ್ಲ ಎಂದು ಬೀಗಿದೆ.

ನನಗೂ ಹನ್ನೆರಡನೇ ವಯಸ್ಸಿಗೆ ಲಿಂಗದೀಕ್ಷೆ ಆಗಿತ್ತು. ಓದಲು ಹೋದಾಗ ಹಾಸ್ಟೆಲಿನಲ್ಲಿ ಕೊರಳಿಂದ ತೆಗೆದು ಟ್ರಂಕಿನಲ್ಲಿಟ್ಟೆ. ಐದಾರು ಬಾಡಿಗೆ ಮನೆ ಬದಲಿಸುವುದರೊಳಗೆ ಟ್ರಂಕೂ ಹೋಯಿತು, ಲಿಂಗವೂ ಹೋಯಿತು. ಅದಕ್ಕಾಗಿ ಅಪ್ಪ ನನ್ನೊಡನೆ ಒಂದು ವರ್ಷ ಮಾತು ಬಿಟ್ಟಿದ್ದರು.

ಮೊದಲ ಭೇಟಿ ಹಳೇಬೀಡಿನಲ್ಲಿ ನಡೆಯಿತು. ದೇವಸ್ಥಾನದ ಹುಲ್ಲುಹಾಸಿನ ಮೇಲೆ ಶಾಲಾ ಪ್ರವಾಸದ ಮಕ್ಕಳು ಪುಳಿಯೋಗರೆ ತಿನ್ನುತ್ತಿದ್ದರು. ಡ್ರೈವರ್ ಕಾರಿನ ಮರೆಯಲ್ಲಿ ನನ್ನ ಮೈಯೆಲ್ಲ ತಡವಿ, ಕರಡಿಗೆಗೆ ಕೈ ಹಾಕಿದ. ಜಗದೀಶ ಸಿಡುಕಿದ.

"ಏ, ಅದನ್ನ ಮುಟ್ಟಬೇಡ ಕಣೋ! ಬುದ್ಧಿ ಇಲ್ವಾ ನಿಂಗೆ?" ಆಮೇಲೆ ನನ್ನತ್ತ ತಿರುಗಿ ಕೈಮುಗಿದ. "ತಪ್ಪು ತಿಳ್ಕೋಬೇಡಿ ಸಾಹುಕಾರ್ರೇ. ನಾವೂ ಅದೇ ಜನ."

ಒಳಗೊಳಗೇ ಕುಣಿದಾಡಿದೆ. ಪದವಿಯ ದರ, ಯಾರ ಮೂಲಕ ಆಗಬೇಕು, ಎಲ್ಲವನ್ನೂ ಅವನು ಆ ದಿನವೇ ನನ್ನ ಎದೆಯ ಮುಂದೆ ಹೇಳಿದ. ಕಲ್ಲು ನೋಡಬೇಕಲ್ಲ ಎಂದು ನಾನು ರಾಗ ಎಳೆದದ್ದಕ್ಕೆ, ಮುಂದಿನ ಸೋಮವಾರ ಎಸ್ಟೇಟಿಗೆ ಊಟಕ್ಕೇ ಬನ್ನಿ ಎಂದ.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಬೇಲೂರು ಬಸ್ ನಿಲ್ದಾಣದಿಂದ ಡ್ರೈವರ್ ನನ್ನನ್ನು ಜೀಪಿನಲ್ಲಿ ಕರೆದೊಯ್ದ. ಮೊಬೈಲ್ ಅವನ ಡ್ಯಾಶ್‌ಬೋರ್ಡಿಗೆ ಹೋಯಿತು. ವೀಣಾ ಬೇಲೂರಿನ ಲಾಡ್ಜಿನಲ್ಲಿ ಕಾಯುತ್ತಿದ್ದರು, ಸಂಜೆ ಐದರೊಳಗೆ ನಾನು ಬರದಿದ್ದರೆ ಪೊಲೀಸರಿಗೆ ಹೇಳುವುದೆಂದು ಒಪ್ಪಂದ. ಬಿಕ್ಕೋಡು ದಾಟಿ ಮಣ್ಣುರಸ್ತೆಗೆ ಇಳಿದ ಮೇಲೆ ಎರಡು ಗೇಟು ಬಂದವು. ಎರಡಕ್ಕೂ ನಮ್ಮ ಹಿಂದೆ ಬೀಗ ಬಿತ್ತು.

ಕೆಲಸ ಮಾತ್ರ ಹೂವೆತ್ತಿದಷ್ಟು ಸುಲಭವಾಗಿ ಆಯಿತು. ಜಗದೀಶ ಕಚೇರಿ ಕೋಣೆಯಲ್ಲಿ ಕ್ಯಾನ್ವಾಸ್ ಚೀಲ ಮೇಜಿನ ಮೇಲಿಟ್ಟ. ಅರಗಿನ ಮೊಹರು, ದೇಶದ ಲಾಂಛನ ಎರಡೂ ಕಾಣುತ್ತಿದ್ದವು. ಒಳಗಿನ ಪೊಟ್ಟಣ ಬಿಚ್ಚಿದಾಗ ಮಂಕಾದ ಕಲ್ಲುಸಕ್ಕರೆಯ ಚೂರುಗಳಂಥ ಹನ್ನೊಂದು ಹರಳು ಹೊರಬಂದವು.

"ಸರ್ಕಾರದ ಚೀಲ, ಯಾವ ಅಪ್ಪನಿಗೂ ಬಿಚ್ಚೋಕೆ ಆಗಲ್ಲ," ಎಂದು ನಕ್ಕ.

ನಾನು ಎದೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಕೂತೆ. ಮೂರೂ ಒಂದೇ ಶಾಟ್‌ನಲ್ಲಿ ಸಿಕ್ಕವು. ಇನ್ನು ಊಟ ಮಾಡಿ ಎದ್ದು ಹೋಗುವುದಷ್ಟೇ ಬಾಕಿ ಎಂದುಕೊಂಡೆ.

ಆಗ ಬಾಗಿಲಲ್ಲಿ ಜಗದೀಶನ ತಾಯಿ ಬಂದು ನಿಂತರು. ಸಿದ್ದಮ್ಮ. ಎಪ್ಪತ್ತು ದಾಟಿದ ಹೆಂಗಸು, ಹಣೆತುಂಬ ವಿಭೂತಿ, ಜಾವಗಲ್ ಕಡೆಯ ಮಾತು. ಅವರ ಕಣ್ಣು ನೇರ ನನ್ನ ಕರಡಿಗೆಯ ಮೇಲೆ ಬಿತ್ತು, ಮುಖ ಅರಳಿತು.

"ಬನ್ನಿ ಸಾಹುಕಾರ್ರೇ, ಕೈಕಾಲು ತೊಳ್ಕಳಿ. ಇವತ್ತು ಕಾರ್ತೀಕ ಸೋಮವಾರ. ಬಿಲ್ವಪತ್ರೆ, ನೀರು ಎಲ್ಲಾ ಇಟ್ಟಿದ್ದೀನಿ. ಈ ಮನೇಲಿ ನನ್ ಜೊತೆ ಕೂತು ಲಿಂಗಪೂಜೆ ಮಾಡೋರೇ ಇಲ್ಲ. ಪೂಜೆ ಮುಗಿಸ್ಕಂಡು ಊಟ ಮಾಡಾನ."

ಲಿಂಗಪೂಜೆ ಎಂದರೆ ಕರಡಿಗೆ ಬಿಚ್ಚಬೇಕು, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಳ್ಳಬೇಕು. ನನ್ನ ಕರಡಿಗೆಯಲ್ಲಿ ಲಿಂಗವೆಲ್ಲಿತ್ತು? ಒಂದು ಗಂಟೆಯಿಂದ ಓಡುತ್ತಿದ್ದ ಕ್ಯಾಮೆರಾ ಬಿಸಿಯಾಗಿ ಎದೆಗೆ ಚುರುಚುರು ಎನ್ನುತ್ತಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಇವತ್ತು ಬ್ಯಾಡಮ್ಮ. ದಾಯಾದಿ ಒಬ್ಬರು ತೀರ್ಕೊಂಡವ್ರೆ. ಸೂತಕ."

ಜಗದೀಶ ತಲೆಯಾಡಿಸಿದ. ಸಿದ್ದಮ್ಮ ಆಡಿಸಲಿಲ್ಲ.

"ಸೂತಕಾನಾ? ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲಿಂದ ಬತ್ತೈತಪ್ಪ?"

ಲಿಂಗಧಾರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವೂ ಇಲ್ಲ. ದೀಕ್ಷೆಯಲ್ಲಿ ಗುರುಗಳು ಹೇಳಿಕೊಡುವ ಮೊದಲ ಪಾಠಗಳಲ್ಲಿ ಅದೂ ಒಂದು. ಆ ಪಾಠ ಮರೆತವನು ನಾನು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರು ಆಡುವುದನ್ನು ಕೇಳಿ ಕೇಳಿ, ಅದನ್ನೇ ಇಲ್ಲಿ ಒದರಿದ್ದೆ. ನಮ್ಮಂಥ ಮನೆಯಲ್ಲಿ ಹುಟ್ಟಿ ಬೆಳೆದವನು ಮಾಡಲೇಬಾರದ ತಪ್ಪು ಅದು. ಜಗದೀಶನ ಮುಖದ ನಗು ನಿಂತುಹೋಯಿತು.

"ಯಾವ ಮಠದ ಭಕ್ತರು ನೀವು?" ಎಂದ. ಅಪ್ಪ ನಡೆದುಕೊಳ್ಳುತ್ತಿದ್ದ ಮಠದ ಹೆಸರು ಹೇಳಿದೆ. ಅವನು ಎದ್ದು ಬಾಗಿಲಿಗೆ ಅಡ್ಡ ನಿಂತ. "ಹಾಗಾದ್ರೆ ಬಿಚ್ಚಿ. ನಾವೂ ದರ್ಶನ ಮಾಡ್ತೀವಿ."

ನನ್ನ ವೃತ್ತಿಯಲ್ಲಿ ಅಂಥ ಹೆದರಿಕೆಯನ್ನು ಮತ್ತೆಂದೂ ಅನುಭವಿಸಿಲ್ಲ. ಹೊರಗೆ ಡ್ರೈವರ್, ಅವನಾಚೆ ಎರಡು ಬೀಗ. ಗೋಡೆ ಗಡಿಯಾರದಲ್ಲಿ ಒಂದೂಕಾಲು. ವೀಣಾ ಪೊಲೀಸರ ಬಳಿ ಹೋಗಲು ಇನ್ನೂ ಮೂರೂಮುಕ್ಕಾಲು ಗಂಟೆ ಇತ್ತು. ಕೈ ಕರಡಿಗೆಯ ತಿರುಪಿನ ಮೇಲೇ ಇತ್ತು, ಬೆರಳು ಮಾತ್ರ ಅಲುಗುತ್ತಿರಲಿಲ್ಲ.

ಸಿದ್ದಮ್ಮ ನನ್ನ ಕೈಯನ್ನೇ ನೋಡಿದರು, ಆಮೇಲೆ ಮುಖವನ್ನು. ಥಟ್ಟನೆ ಮಗನ ಕಡೆ ತಿರುಗಿದರು.

"ಪೂಜೆ ಹೊತ್ನಲ್ಲಿ ಮೈಮ್ಯಾಲೆ ಬೀಳ್ತೀಯಲ್ಲೋ! ಲಿಂಗ ಮುಟ್ಟಿ ಎಷ್ಟು ವರ್ಷ ಆಯ್ತು ನೀನು? ಆಚೆ ಹೋಗು."

ಜಗದೀಶ ಗೊಣಗುತ್ತ ಹಿಂದೆ ಸರಿದ. ಲೋಕವನ್ನೇ ಬುಟ್ಟಿಗೆ ಹಾಕಿಕೊಂಡವನು ತಾಯಿಯ ಗದರಿಕೆಗೆ ಬಾಗಿದ. ಆಕೆ ನನ್ನನ್ನು ಪೂಜೆ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಮಣೆಯ ಮೇಲೆ ಕೂರಿಸಿ, ಪಿಸುಮಾತಿನಲ್ಲಿ ಕೇಳಿದರು.

"ಖಾಲಿ ಐತಲ್ವಾ? ಲಿಂಗ ಕಳ್ಕಂಡಿದ್ದೀಯಾ ಮಗಾ?"

ಸಾಹುಕಾರ್ರೇ ಹೋಗಿ ಮಗಾ ಆಗಿತ್ತು. ನಾನು ತಲೆಯಾಡಿಸಿದೆ. ಆ ದಿನ ನನ್ನ ಬಗ್ಗೆ ನಾನು ಒಪ್ಪಿಕೊಂಡ ಒಂದೇ ನಿಜ ಅದು.

"ಹೇಳ್ಕಳಕ್ಕೆ ನಾಚಿಕೆ ಆಗಿ ಸೂತಕ ಅಂದೆ. ಹೋಗ್ಲಿ ಬಿಡು, ಯಾರ್ಗೂ ಹೇಳಕಿಲ್ಲ."

ಗೂಡಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದರು. ಜಗದೀಶನ ಮಗನ ದೀಕ್ಷೆಗೆಂದು ಮಠದಿಂದ ತಂದಿಟ್ಟ ಹೊಸ ಲಿಂಗ. ಆ ಹುಡುಗನಿಗೆ ಅದು ಬೇಡವಂತೆ. ನನ್ನ ಎಡಗೈ ಹಿಡಿದು ಅಂಗೈ ಬಿಡಿಸಿ ಅದನ್ನಿಟ್ಟರು. ತಮ್ಮ ಲಿಂಗವನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಎದುರು ಕೂತರು. ನಲವತ್ತು ವರ್ಷದ ಮೇಲೆ ನಾನು ವಿಭೂತಿ ಹಚ್ಚಿದೆ, ಪತ್ರೆ ಏರಿಸಿದೆ. ಮಂತ್ರ ಮರೆತಾಗ ಆಕೆ ಹೇಳಿಕೊಟ್ಟರು, ನಾನು ಹಿಂದೆ ಹಿಂದೆ ಹೇಳಿದೆ. ನನ್ನ ಎದೆಯ ಮೇಲೆ ಅಪ್ಪನ ಕರಡಿಗೆ ಬಿಸಿಯಾಗಿ ಇದೆಲ್ಲವನ್ನೂ ನುಂಗುತ್ತಿತ್ತು. ಎದ್ದು ಓಡಿಹೋಗಬೇಕು ಅನ್ನಿಸಿದ್ದು ಜಗದೀಶನ ಎದುರು ಅಲ್ಲ, ಈ ತಾಯಿಯ ಎದುರು.

ಪೂಜೆಯಾದ ಮೇಲೆ ಆ ಲಿಂಗವನ್ನು ಕರಡಿಗೆಗೆ ಹಾಕಿಕೋ ಎನ್ನುತ್ತಾರೆಂದು ಕರಡಿಗೆಯನ್ನು ಕೈಯಲ್ಲಿ ಮುಚ್ಚಿ ಹಿಡಿದೆ. ಅವರೇ ತಡೆದರು.

"ಲಿಂಗ ಹೋದ ಕರಡಿಗೆ, ಸ್ವಾಮ್ಗಳ ಕೈಲಿ ಶುದ್ಧ ಮಾಡಿಸು ಮೊದ್ಲು. ಅಲ್ಲೀವರ್ಗೂ ಬಟ್ಟೇಲಿ ಕಟ್ಕಂಡಿರು."

ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೊರಳಿಗೆ ತಾವೇ ಕಟ್ಟಿದರು. ಹೊರಗೆ ಬಂದಾಗ ಜಗದೀಶ ಆ ಬಟ್ಟೆಯ ಗಂಟು ನೋಡಿ, ಏನಿದು ಎಂದ.

"ಕರಡಿಗೆ ತಿರುಪು ಸಡಿಲ ಆಗೈತೆ. ಬಿದ್ದೋಗ್ತಿತ್ತು, ನಾನೇ ಬಟ್ಟೇಲಿ ಕಟ್ಟಿದ್ದೀನಿ. ಪಾಪ, ಅದ್ಕೇ ಬಿಚ್ಚಕ್ಕೆ ಹೆದರ್ಕಂಡಿದ್ರು. ಎಲೆ ಹಾಕ್ಲಾ?"

ಲಿಂಗ ಮುಟ್ಟಿದ ಕೈ ಇನ್ನೂ ಆರಿರಲಿಲ್ಲ, ಆಕೆ ನನಗಾಗಿ ಮಗನಿಗೆ ಸುಳ್ಳು ಹೇಳಿದರು. ನಾನು ಊಟ ಮಾಡಿದೆ. ಏನು ಬಡಿಸಿದರೋ ನೆನಪಿಲ್ಲ. ನಾಲ್ಕು ಗಂಟೆಗೆ ಡ್ರೈವರ್ ನನ್ನನ್ನು ಬೇಲೂರಿನಲ್ಲಿ ಇಳಿಸಿದ.

ಲಾಡ್ಜಿನಲ್ಲಿ ಕುಳಿತು ಎಲ್ಲವನ್ನೂ ನೋಡಿದ ವೀಣಾ ಪೂಜೆ ಕೋಣೆಯ ಭಾಗಕ್ಕೆ ಬಂದಾಗ ಅದನ್ನು ಮತ್ತೊಮ್ಮೆ ಓಡಿಸಿ ನೋಡಿದರು. "ಚಿತ್ರದ ಜೀವ ಇಲ್ಲೇ ಇದೆ," ಎಂದರು. ಆ ಇಪ್ಪತ್ತು ನಿಮಿಷ ಹಾಕುವುದಾದರೆ ನನ್ನ ಹೆಸರು ತೆಗೆಯಿರಿ ಎಂದೆ. ಜೋರು ಜಗಳವೇ ಆಯಿತು. ಕೊನೆಗೆ ಅವರೇ ಸೋತು, ನನ್ನ ಕಣ್ಣೆದುರೇ ಅದನ್ನು ಅಳಿಸಿದರು.

ಚಿತ್ರ ತೆರೆಕಂಡಿತು. ಜಗದೀಶನ ಪದವಿ ಹೋಯಿತು, ತನಿಖೆ ಶುರುವಾಯಿತು, ಎಸ್ಟೇಟಿಗೆ ಬೀಗ ಬಿತ್ತು. ಜನ ನನ್ನ ಬೆನ್ನು ತಟ್ಟಿದರು. ಬೀರುವಿನಲ್ಲಿದ್ದ ಬಿಳಿ ಬಟ್ಟೆಯ ಗಂಟು ಮಾತ್ರ ನನ್ನನ್ನು ಬಿಡಲಿಲ್ಲ. ಅದು ನನ್ನದಲ್ಲ, ಸುಳ್ಳು ಹೇಳಿ ತಂದದ್ದು. ಎಂಟು ತಿಂಗಳಾದ ಮೇಲೆ ಸಿದ್ದಮ್ಮ ಜಾವಗಲ್‌ನಲ್ಲಿ ತಮ್ಮನ ಮನೆಯಲ್ಲಿದ್ದಾರೆಂದು ತಿಳಿದು, ಅರಸೀಕೆರೆಯಿಂದ ಬಸ್ ಹತ್ತಿದೆ.

ಜಗಲಿಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಪಕ್ಕಕ್ಕಿಟ್ಟರು. ಬಯ್ಯುತ್ತಾರೆ, ಬಯ್ಯಲಿ ಎಂದುಕೊಂಡೇ ಹೋಗಿದ್ದೆ.

"ಅವತ್ತು ಅದು ಕರಡಿಗೆ ಒಳಗಿತ್ತಾ?" ಎಂದು ಕೇಳಿದರು.

"ಇತ್ತಮ್ಮ."

"ನಾನು ಲಿಂಗ ಕೊಟ್ಟಾಗ್ಲೂ ನೋಡ್ತಿತ್ತಾ?"

"ನೋಡ್ತಿತ್ತು. ಆಮೇಲೆ ಅಳಿಸಿದ್ವಿ."

ನಾನು ಗಂಟನ್ನು ಅವರ ಮುಂದಿಟ್ಟು, ಸುಳ್ಳು ಹೇಳಿ ಇಸಕೊಂಡೆ, ವಾಪಸ್ ತಗೊಳ್ಳಿ ಎಂದೆ.

"ನನ್ ಮಗ ಮಾಡಿದ್ದು ತಪ್ಪೇ," ಎಂದರು. "ಅದ್ನ ಲೋಕಕ್ಕೆ ತೋರ್ಸಿದ್ದಕ್ಕೆ ನಿನ್ನ ಬಯ್ಯಕಿಲ್ಲ. ಆದ್ರೆ ಇದ್ನ ನಾನು ಮುಟ್ಟಕಿಲ್ಲ. ನಾನು ಕೊಟ್ಟಿದ್ದು ಸಾಹುಕಾರನಿಗೂ ಅಲ್ಲ, ಸಿನಿಮಾದೋನಿಗೂ ಅಲ್ಲ. ಲಿಂಗ ಕಳ್ಕಂಡೋನಿಗೆ. ನೀನು ಕಳ್ಕಂಡಿಲ್ವಾ?"

ಗಂಟನ್ನು ಎತ್ತಿಕೊಂಡು ಬಂದೆ.

ಈಗ ನಾನು ಕ್ಯಾಮೆರಾ ಹಿಡಿಯುವುದಿಲ್ಲ, ಹೊಸಬರಿಗೆ ಕಲಿಸುತ್ತೇನೆ. ಕಳ್ಳರನ್ನು ಕಳ್ಳಗಣ್ಣಿನಿಂದಲೇ ಹಿಡಿಯಬೇಕಾಗುತ್ತದೆ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಕ್ಯಾಮೆರಾವನ್ನು ಪೆನ್ನಿನಲ್ಲಿಡಿ, ಗುಂಡಿಯಲ್ಲಿಡಿ, ಬೇಕಾದರೆ ಚಪ್ಪಲಿಯಲ್ಲಿಡಿ ಎನ್ನುತ್ತೇನೆ. ಜನ ಕೈಮುಗಿಯುವ ಜಾಗದಲ್ಲಿ ಮಾತ್ರ ಇಡಬೇಡಿ, ಏಕೆಂದರೆ ಅಲ್ಲಿ ಕಳ್ಳನ ಜೊತೆಗೆ ಇನ್ನೊಬ್ಬರೂ ಸಿಕ್ಕಿಬೀಳುತ್ತಾರೆ. ಅಪ್ಪನ ಕರಡಿಗೆಯ ತೂತನ್ನು ಅರಸೀಕೆರೆಯ ಅಕ್ಕಸಾಲಿಗರಿಂದ ಬೆಸುಗೆ ಹಾಕಿಸಿದ್ದೇನೆ. ಹತ್ತಿರ ಹಿಡಿದು ನೋಡಿದರೆ ಹೂವಿನ ನಡುವೆ ಆ ಚುಕ್ಕೆ ಇನ್ನೂ ಕಾಣುತ್ತದೆ. ಸ್ವಾಮಿಗಳಿಂದ ಶುದ್ಧವೂ ಆಯಿತು. ಸಿದ್ದಮ್ಮ ಕೊಟ್ಟದ್ದು ಈಗ ಅದರೊಳಗಿದೆ, ಅದು ನನ್ನ ಕೊರಳಲ್ಲಿದೆ.