ಕಡಲ ಮೇಲೆ ಒಂದು ತಂಬಿಗೆ ಸಿಹಿನೀರು

ಮೂರು ವರ್ಷದ ನನ್ನ ಮಗಳು ನೀಲವ್ವ ವಾಂತಿ ಮಾಡಿ ಮಾಡಿ ಮಡಿಲಲ್ಲಿ ಸುಸ್ತಾಗಿ ಬಿದ್ದಿದ್ದಳು. ತುಟಿ ಒಣಗಿತ್ತು, ಅಳಲೂ ತ್ರಾಣವಿರಲಿಲ್ಲ. ಶರಣಬಂಧುಗಳೇ, ಇದು ನರಗುಂದದ ಅರಸರು ಕಂಪನಿಯವರ ಮೇಲೆ ಎದ್ದ ಗದ್ದಲಕ್ಕೆ ಎರಡು ವರ್ಷ ಮೊದಲಿನ ಮಾತು. ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ನಾವು ಗಜೇಂದ್ರಗಡದವರು. ನಮ್ಮ ಮನೆಯವರದು ಸೀರೆ ವ್ಯಾಪಾರ. ಗೋಕರ್ಣದಲ್ಲಿ ಹರಕೆ ತೀರಿಸಿದ ಮೇಲೆ, ಉಳಿದ ಸೀರೆ ಸದಾಶಿವಗಡದಲ್ಲಿ ಮಾರೋಣವೆಂದು ತದಡಿ ಬಂದರಿನಲ್ಲಿ ಹಾಯಿ ಕಟ್ಟಿದ ಸಣ್ಣ ಮಚವೆ ದೋಣಿ ಗೊತ್ತುಮಾಡಿದರು.

"ಬಂಡಿ ಬಿಟ್ಟು ಈ ತೇಲೂ ಕಟಗಿ ಮ್ಯಾಲೆ ಕೂಸಿನ್ನ ಹ್ಯಾಂಗ ಕೂಡ್ರಸ್ಲಿರಿ?" ಅಂದೆ.

"ಬೆಳಗಾಗೂದ್ರಾಗ ಮುಟ್ಟತೀವಿ, ಸುಮ್ನ ಹತ್ತು."

ಬೆಳಿಗ್ಗೆ ಅಲ್ಲಿನ ಹೊಳೆಯ ನೀರು ಕುಡಿದಿದ್ದೆವು, ಸಿಹಿಯಿತ್ತು. ಸಂಜೆ ಅದೇ ಕಲ್ಲಿನ ಮೇಲೆ ನಿಂತು ಅವರು ಕೊಡ ತುಂಬಿದರು. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ಸವಳ ಐತಿ, ನಮ್ಮೂರ ಬಾವಿ ನೀರ ಹಂಗ" ಎಂದು ನಕ್ಕರು. ನಾನೂ ನಕ್ಕೆ. ಮಲಪ್ರಭೆ ಹಿಂದಕ್ಕೆ ಹರಿದದ್ದನ್ನು ನಮ್ಮ ಕಡೆ ಯಾರು ಕಂಡಿದ್ದಾರೆ? ಇಲ್ಲಿ ಉಬ್ಬರ ಬಂದರೆ ಸಮುದ್ರವೇ ಹೊಳೆಯೊಳಗೆ ನುಗ್ಗುತ್ತದೆಂದು ತಿಳಿದದ್ದು ಕೂಸಿಗೆ ಕುಡಿಸಿದ ಮೇಲೆಯೇ. ಕುಡಿದಷ್ಟೂ ವಾಂತಿ, ಮೇಲೆ ಭೇದಿ.

ನಡುರಾತ್ರಿ ಗಾಳಿಯೂ ಬಿದ್ದುಹೋಯಿತು. ಹಾಯಿ ಜೋತುಬಿತ್ತು. ನಾನು ಏಳುವುದು, ಕೂರುವುದು, ಮತ್ತೆ ಏಳುವುದು. ಮಚವೆ ನಡೆಸುವ ತಾಂಡೇಲನನ್ನು ದಡ ಯಾವಾಗ ಮುಟ್ಟುತ್ತೇವೆಂದು ಎಷ್ಟು ಸಲ ಕೇಳಿದೆನೋ. ಅವನದು ಒಂದೇ ಉತ್ತರ: "ಗಾಳಿ ಬರಬೇಕು ಅಮ್ಮ."

ಕೊನೆಗೆ ಅಂಗೈ ಮೇಲೆ ಲಿಂಗವಿಟ್ಟುಕೊಂಡು ನಮ್ಮ ಗುಡ್ಡದ ಸ್ವಾಮಿಯನ್ನು ಕೂಗಿದೆ. ಕೂಗಿದೆನೆಂದರೆ ಬೈದೆ. "ಕಾಲಕಾಲೇಶ್ವರಾ, ಬ್ಯಾಸಿಗ್ಯಾಗೂ ನಿನ್ನ ಗುಡ್ಡದಾಗ ನೀರು ಬತ್ತೂದಿಲ್ಲ. ಇಲ್ಲೆ ಒಂದೀಟು ಮಳಿ ಸುರಸಾಕ ನಿನಗ ಭಾರ ಆತೇನೋ ನಮ್ಮಪ್ಪಾ?" ಮೇಲೆ ನೋಡಿದರೆ ಮೋಡದ ತುಣುಕೂ ಇಲ್ಲ, ಬರೀ ಚಿಕ್ಕೆ. ಮುಗಿಯಿತು, ನನ್ನ ಕೂಸು ಹೋಯಿತು ಅಂದುಕೊಂಡೆ.

ಆಗ ಹಿಂದುಗಡೆ ಗಟಗಟ ಸಪ್ಪಳ ಕೇಳಿಸಿತು. ತಾಂಡೇಲ ನೀರು ಕುಡಿಯುತ್ತಿದ್ದ!

"ನಿನ್ನ ಹತ್ರ ಸೀನೀರು ಐತೇನೋ ಎಪ್ಪಾ? ಮೊದ್ಲ ಯಾಕ ಹೇಳಲಿಲ್ಲ?"

"ಘಟ್ಟದ ಮೇಲಿನವರು ನಮ್ಮ ಕೈ ನೀರು ಮುಟ್ಟೂದಿಲ್ಲಲ್ಲ ಅಮ್ಮ. ಕೊಡ್ತೇನೆ ಅಂದ್ರೆ ಬೈತೀರಿ ಅಂತ ಹೆದರಿದೆ."

ನಮ್ಮ ಮನೆಯವರು ಎದ್ದು ಅಡ್ಡ ನಿಂತರು. "ಭವಿ ಮನಿ ನೀರು! ಕೂಸಿನ ಕೊರಳಾಗ ಲಿಂಗ ಐತಿ, ಖಬರ ಐತೇನು?"

"ಕೊರಳು ಉಳದ್ರ ಲಿಂಗ ಉಳಿತೈತ್ರಿ. ಸರೀರಿ ಅತ್ಲಾಗ."

ಅವರಿಗೆ ಎದುರಾಡಿದ್ದು ಅದೇ ಮೊದಲು. ತಾಂಡೇಲನ ತಂಬಿಗೆಯಿಂದ ಸೆರಗಿನ ತುದಿ ನೆನೆಸಿ ನೀಲವ್ವನ ತುಟಿಗೆ ಹಿಂಡುತ್ತಾ ಕೂತೆ. ಒಂದು ಗುಟುಕು ನಿಂತಿತು. ಇನ್ನೊಂದೂ ನಿಂತಿತು. ಚಿಕ್ಕೆ ಮಸುಕಾಗುವ ಹೊತ್ತಿಗೆ ಗಾಳಿ ಎದ್ದಿತು, ಕೂಸು ಕಣ್ಣು ತೆರೆದು "ಯವ್ವಾ, ರೊಟ್ಟಿ" ಅಂದಿತು. ನಾನು ಗೊಳೋ ಎಂದು ಅತ್ತೆ.

"ಊರಾಗ ಅವ್ವ ಕೇಳಿದ್ರ, ಯಾರ ನೀರು ಕುಡಿಸಿದೆ ಅಂತೀ?" ಎಂದರು ನಮ್ಮ ಮನೆಯವರು.

"ಕಾಲಕಾಲೇಶ್ವರಂದು ಅಂತೀನ್ರಿ. ನಾ ಕರದದ್ದು ಅವನ್ನ, ಓಗೊಟ್ಟಾಂವನೂ ಅವನ."

ಅವರು ತಾಂಡೇಲನ ಮುಂದೆ ಹೋಗಿ ಬೊಗಸೆ ಒಡ್ಡಿದರು. "ನನಗೂ ಒಂದೀಟು ಹಾಕಪಾ."

ನೀಲವ್ವ ಈಗ ಎರಡು ಮಕ್ಕಳ ತಾಯಿ. ಸ್ವಾಮಿಯ ಋಣ ನನ್ನಿಂದ ತೀರುವಂಥದ್ದಲ್ಲ. ಕರೆದಾಗ ಬಂದ ನನ್ನಪ್ಪ. ಯಾವ ಕುಲದವನಾಗಿ ಬಂದೆ ಎಂದು ಕೇಳುವವಳು ನಾನಲ್ಲ.