ನನ್ನ ಕತೆಯಲ್ಲಿ ಚಿಗವ್ವ ಹುಡುಕಿದ ತಂಗಿ

ಚಿಗವ್ವನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಹೊಲಿಗೆ ಮಷಿನ್ನಿನ ಸೂಜಿ ಹೊಕ್ಕು ಹೊರಬಂದ ಗುರುತು ಅದು. ಪುಸ್ತಕದ ಹಾಳೆ ತಿರುವುವಾಗ ಆ ಉಗುರು ಕಾಗದದ ಅಂಚಿಗೆ ಸಿಕ್ಕಿ ಚರ್ ಎನ್ನುತ್ತಿತ್ತು. ದೇವದುರ್ಗದ ನಮ್ಮ ಓಣಿಯಲ್ಲಿ ಆಕೆ ಜಂಪರು ಹೊಲಿಯುತ್ತಿದ್ದಳು. ರಕ್ತಸಂಬಂಧವೇನಿಲ್ಲ, ಅವ್ವನ ಗೆಳತಿ, ಹಾಗಾಗಿ ನನಗೆ ಚಿಗವ್ವ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಊರಿನ ಗ್ರಂಥಾಲಯದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ್ದಳು. ನಾನು ರಾಯಚೂರಿನ ಡಿಗ್ರಿ ಕಾಲೇಜು ಸೇರಿದ ಮೇಲೆ ಅಲ್ಲಿಂದ ತರಿಸಿಕೊಳ್ಳತೊಡಗಿದಳು. "ಹೊಸಾವು ತಾರವ್ವ. ಈಗ ಬರಿಯೋ ಮಂದಿ ಏನು ವಿಚಾರ ಮಾಡಾಕತ್ತಾರ ತಿಳೀಬೇಕು" ಎನ್ನುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಬಾಗಿಲ ಬೆಳಕಿಗೆ ಕೂತು ಓದುವುದು ಆಕೆಯ ರೂಢಿ. ಯಾರಾದರೂ ಬಂದು ಜಂಪರಿಗೆ ತೋಳು ಹಚ್ಚಿ ಆಯಿತೇ ಎಂದು ಕೇಳಿದರೆ ತಲೆ ಎತ್ತುತ್ತಿರಲಿಲ್ಲ. "ಇನ್ನ ನಾಕು ಹಾಳಿ ತಡಿ. ಈಕಿ ಗಂಡನ ಮನಿ ಬಿಡ್ತಾಳೋ ಇಲ್ಲೋ ನೋಡೇ ಏಳ್ತೀನಿ." ಬಂದವರು ಅಲ್ಲೇ ಕೂತು ಗಂಡನ ಮನೆಯ ಕತೆ ಕೇಳಿಸಿಕೊಂಡು ಹೋಗುತ್ತಿದ್ದರು.

ಆಕೆಯ ಮೆಚ್ಚುಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಎಲ್ಲರೂ ಹೊಗಳಿದ ಒಂದು ಕಾದಂಬರಿಯನ್ನು ಎರಡೇ ದಿನಕ್ಕೆ ಮರಳಿಸಿದಳು. "ಭಾಷಾ ಚಂದದ. ಆದ್ರ ಎಲ್ಲಾರೂ ಕಿಡಕಿ ಮುಂದ ಕುಂತು ದುಃಖ ಮಾಡ್ತಾರಲ್ಲ, ಒಲಿ ಮುಂದ ಯಾರದಾರ?" ಅದೇ, ಒಂದು ಮನೆ ದಿನಕ್ಕೊಂದು ಹೆಜ್ಜೆ ಸರಿಯುತ್ತ ಹೋಗುವ ವಿಚಿತ್ರ ಕಾದಂಬರಿಯನ್ನು ಮಾತ್ರ ಮೂರು ಸಲ ಓದಿದಳು. ನನಗೆ ಅದರ ತಲೆಬುಡ ತಿಳಿದಿರಲಿಲ್ಲ. "ತಿಳಿಯೋದೇನೈತಿ? ಮದುವಿ ಆದಮ್ಯಾಲೆ ನನ್ನ ತವರುಮನಿ ಹಿಂಗ ಸರೀತು. ಹೋದಾಗೊಮ್ಮೆ ಇನ್ನಷ್ಟು ದೂರ ಇರ್ತಿತ್ತು. ಬಸ್ಸಿನ ಹಾದಿ ಅಷ್ಟ ಇತ್ತು, ಮನಿ ದೂರ ಆಗಿತ್ತು. ಇದು ಖರೇನ ಅದ."

ಕೋಟೆಯ ಮುತ್ತಿಗೆಯ ಕುರಿತ ಐತಿಹಾಸಿಕ ಕಾದಂಬರಿಯೊಂದನ್ನು ಓದಿ ಮುಗಿಸಿದಾಗ, ರಾಯಚೂರಿನ ಕೋಟೆ ನೋಡಬೇಕೆಂದು ಹಟ ಹಿಡಿದಳು. ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ಇಬ್ಬರೂ ಹೋದೆವು. ಪುಸ್ತಕ ಆಕೆಯ ಚೀಲದಲ್ಲೇ ಇತ್ತು. ಕೋಟೆಯ ಗೋಡೆಯ ಮೇಲೆ, ಬೃಹತ್ ಕಲ್ಲೊಂದನ್ನು ಬಂಡಿಯ ಮೇಲೆ ಎಳೆದು ತರುವ ಕೆತ್ತನೆಯಿದೆ. ಆಕೆ ಅದರೆದುರು ಬಹಳ ಹೊತ್ತು ನಿಂತಳು.

"ಪುಸ್ತಕದಾಗ ರಾಜನ ಕುದುರಿಗೂ ಹೆಸರದ. ಕಲ್ಲು ಎಳದವರು ಒಬ್ಬರೂ ಇಲ್ಲ. ಇದನ್ನ ಕೆತ್ತಿದಾವ ನೋಡು, ಎತ್ತು ಸೈತ ಬಿಟ್ಟಿಲ್ಲ."

ನಾನು ಮಾನ್ವಿಯ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾದೆ. ಕತೆ ಬರೆಯತೊಡಗಿದೆ. ಬರೆದದ್ದನ್ನೆಲ್ಲ ಅಚ್ಚಿಗೆ ಕಳಿಸುವ ಮೊದಲು ಚಿಗವ್ವನಿಗೆ ಕೊಡುತ್ತಿದ್ದೆ. ಹಾಗೆ ಕೊಟ್ಟವುಗಳಲ್ಲಿ ಒಂದು ನನ್ನ ಅಕ್ಕನದು.

ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂಬತ್ತು ತಿಂಗಳು ತುಂಬುವ ಮೊದಲೇ ಒಂದು ದಿನ, ಕಾಲು ಬಾತಿವೆ, ತಲೆ ಸಿಡಿಯುತ್ತಿದೆ ಎಂದು ರಾಯಚೂರಿನ ಆಸ್ಪತ್ರೆಗೆ ತೋರಿಸಲು ಬಸ್ಸು ಹತ್ತಿದವಳು ಗಬ್ಬೂರು ದಾಟುವುದರೊಳಗೆ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ. ಆಕೆಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಹನ್ನೆರಡು ವರ್ಷಗಳ ಮೇಲೆ ನಾನು ಬರೆದ ಕತೆಯಲ್ಲಿ, ಬಸ್ಸಿನ ಕಿಟಕಿಯ ಪಕ್ಕ ಕೂತ ಬಸುರಿ ಹೆಂಗಸು ಅರಳಿದ ಹತ್ತಿಯಾಗಿ ಹೊಲಗಳ ಮೇಲೆ ಹಾರಿ ಹೋಗುತ್ತಾಳೆ. ಓದಿದ ಸಹೋದ್ಯೋಗಿಗಳೆಲ್ಲ ಕಣ್ಣೀರು ಹಾಕಿದ್ದರು. ಪತ್ರಿಕೆಗೆ ಕಳಿಸುವುದಷ್ಟೇ ಬಾಕಿ.

ಚಿಗವ್ವ ಓದಿ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಹಾರಿದ್ದು ಚಂದದ. ಆದ್ರ ಈಕಿಗೆ ಒಬ್ಬ ತಂಗಿ ಇದ್ಲಲ್ಲ, ಆಕಿ ಎಲ್ಲಿ?"

"ಕತಿಗೆ ಬೇಕಾಗಲಿಲ್ಲ ಚಿಗವ್ವಾ."

"ಕತಿಗೆ ಬೇಕಾಗಲಿಲ್ಲೋ, ನಿನಗ ಬ್ಯಾಡಾಗಿತ್ತೋ? ನಿಮ್ಮಕ್ಕ ನನ್ನ ಬಾಗಲ ಮುಂದಿಂದಾನ ಬಸ್‌ಸ್ಟ್ಯಾಂಡಿಗೆ ಹೋದ್ಲು. ಒಬ್ಬಾಕೀನ ಹೋದ್ಲು. ನಾ ನೋಡೀನಿ."

ನನಗೆ ಸಿಟ್ಟು ಬಂತು. ಹಾಳೆಗಳನ್ನು ಕಸಿದುಕೊಂಡು ಎದ್ದೆ. ಆಕೆ ತಡೆಯಲಿಲ್ಲ. "ಸುಳ್ಳಿನ ಮ್ಯಾಲೆ ಹಾರಿಸಿದ್ರ ಆಕಿ ಎಲ್ಲೀತನ ಹಾರ್ಯಾಳವ್ವ" ಎಂದಷ್ಟೇ ಅಂದಳು.

ಎಂಟು ತಿಂಗಳು ನಾನು ಆ ಮನೆಯ ಕಡೆ ಹೋಗಲಿಲ್ಲ. ಕತೆಯನ್ನು ಪತ್ರಿಕೆಗೂ ಕಳಿಸಲಾಗಲಿಲ್ಲ. ಅಕ್ಕ ಅಂದು ನನ್ನನ್ನು ಕರೆದಿದ್ದಳು. "ಜೋಡಿ ಬಾರಲೇ, ಒಬ್ಬಾಕೀನ ಹೋಗಾಕ ಅಂಜಿಕಿ ಆಕ್ಕೈತಿ" ಎಂದಿದ್ದಳು. ಮರುದಿನ ನನಗೆ ಪಿಯುಸಿಯ ಪರೀಕ್ಷೆಯಿತ್ತು. ಪುಸ್ತಕದಿಂದ ಮುಖ ಎತ್ತದೆ, "ನಾಡಿದ್ದು ಹೋಗೋಣು" ಎಂದಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಹೇಳಿರಲಿಲ್ಲ.

ಕೊನೆಗೆ ಬರೆದೆ. ತಂಗಿಯನ್ನು ಬರೆದೆ, ಆಕೆಯ ಪುಸ್ತಕವನ್ನು ಬರೆದೆ, ಎತ್ತದ ಮುಖವನ್ನು ಬರೆದೆ. ಒಂದು ಭಾನುವಾರ ಚಿಗವ್ವನ ಮನೆಗೆ ಹೋದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಆಕೆಯ ಕಣ್ಣು ತಿಂದಿತ್ತು. ಮಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದರು. ನನ್ನ ದನಿ ಗುರುತು ಹಿಡಿದು, "ತಂದಿಯೇನು? ಓದು" ಎಂದಳು.

ಓದಿದೆ. ಅಕ್ಕ ಕರೆಯುವಲ್ಲಿಗೆ ಬಂದು ನಿಲ್ಲಿಸಿದೆ.

"ನಿಲ್ಲಬ್ಯಾಡ. ಓದು."

ಕೊನೆಯವರೆಗೂ ಓದಿದೆ. ಕತೆಯ ಕೊನೆಗೆ ನಾನು ಹತ್ತಿ ಹಾರುವುದನ್ನು ಕಿತ್ತುಹಾಕಿದ್ದೆ. ಅದು ಆಕೆಗೆ ತಿಳಿಯಿತು. "ಅದನ್ನ ಯಾಕ ತಗದಿ? ಈಗ ಹಾರಲಿ ಬಿಡು. ಈಗ ಆಕಿಗೆ ಹಕ್ಕದ" ಎಂದಳು. ನನ್ನ ಮೊಣಕೈ ತಡಕಿ ಹಿಡಿದು, "ಅಚ್ಚಿಗೆ ಕೊಡೋದಕ್ಕಿಂತ ಮೊದಲ ನಿಮ್ಮವ್ವಗ ಓದಿ ಹೇಳು" ಎಂದಳು.

ನನಗೆ ಧೈರ್ಯ ಬರಲಿಲ್ಲ. ದಸರಾ ರಜೆಗೆ ಓದುತ್ತೇನೆ ಎಂದು ಮುಂದೂಡಿದೆ. ರಜೆಗೆ ವಾರವಿರುವಾಗ, ಹತ್ತನೆಯ ತರಗತಿಯಲ್ಲಿ ವ್ಯಾಕರಣ ಹೇಳುತ್ತಿದ್ದಾಗ ಫೋನು ಬಂತು. ಬೆಳಗ್ಗೆ ಚಹಾ ಕುಡಿದು ಗೋಡೆಗೆ ಒರಗಿದ ಚಿಗವ್ವ ಹಾಗೆಯೇ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿ ಬಂದ ಮೂರನೆಯ ದಿನ, ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಎದುರಿಗೆ ಕೂತು ಕತೆಯನ್ನು ಓದಿದೆ. ಅವ್ವನ ಕೈಯಲ್ಲಿ ಮೊರ ನಿಂತಿತು. ನಾನು ತಲೆ ಎತ್ತಲಿಲ್ಲ; ಬೈಗಳೋ ಅಳುವೋ ಬರುವುದನ್ನು ಕಾಯುತ್ತಿದ್ದೆ.

"ಆಕಿ ನಸುಕಿನ್ಯಾಗ ನನ್ನೂ ಕರದಿದ್ಲು" ಎಂದಳು ಅವ್ವ. "ನೀ ಇನ್ನ ಎದ್ದಿರಲಿಲ್ಲ. ಹತ್ತಿ ಬಿಡಿಸೋದಿತ್ತು. ತಂಗೀನ ಕರಕೊಂಡು ಹೋಗು ಅಂದು ಹೊಲಕ್ಕ ಹೋಗಿಬಿಟ್ಟೆ."

ಇಬ್ಬರೂ ಇಷ್ಟು ವರ್ಷ ಅದೇ ಒಂದು ದಿನವನ್ನು ಒಬ್ಬರಿಗೊಬ್ಬರು ಕಾಣದಂತೆ ಹೊತ್ತುಕೊಂಡಿದ್ದೆವು. ನಾನು ಮೊರವನ್ನು ಅವ್ವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟೆ. ಆ ಸಂಜೆ ಮೊದಲ ಬಾರಿಗೆ ಅಕ್ಕನ ಹೆಸರು ಹಿಡಿದು, ಅಳುತ್ತ, ನಡುನಡುವೆ ನಗುತ್ತ, ಇಬ್ಬರೂ ಮಾತಾಡಿದೆವು.